ಹೊಳೆದದ್ದು ಹೊಳೆ ಪಾಲಾಗದಿರಲಿ

ಕನ್ನಡದಲ್ಲಿ ‘ಹೊಳೆ’ ಅನ್ನೋದಕ್ಕೆ ಎರಡು ಅರ್ಥ. ಒಂದು, ಹರಿಯೋ ನೀರು. ನಂಜನಗೂಡು, ತಿ. ನರಸೀಪುರದ ಕಡೆ ಮಾತಿನ ನಡುವೆ ಯಾರೂ ‘ನದಿಗೆ ಹೋಗ್ತೀನಿ’ ಅನ್ನಲ್ಲ, ‘ಹೊಳೆ ತಾವ ಹೋಯ್ತೀನಿ’ ಅಂತಾರೆ. ಇನ್ನೊಂದು, ಮಿಂಚೋದು. ‘ಥಟ್ ಅಂತ ಒಂದು ಐಡಿಯಾ ಹೊಳೀತು’ ಅಂತೀವಲ್ಲ, ಆ ಹೊಳೆ. ಹಳಗನ್ನಡದಲ್ಲಿ ಇವೆರಡೂ ಬೇರೆ ಬೇರೆ ಪದಗಳು. ನೀರಿನ ಹೊಳೆಗೆ ೞ ಇತ್ತು, ಮಿಂಚುವ ಹೊಳೆಗೆ ಳ. ಆಮೇಲೆ ೞ ನಮ್ಮ ಬಾಯಿಂದ ಜಾರಿಹೋಯ್ತು, ಎರಡೂ ಒಂದಾದವು. ಭಾಷೆ ಮಾಡಿದ ಈ ಆಕಸ್ಮಿಕ ನನಗೆ ತುಂಬಾ ಇಷ್ಟ. ಯಾಕಂದ್ರೆ ಹೊಳೆಯೋದೆಲ್ಲ ಹರಿದು ಹೋಗೋ ಸ್ವಭಾವದ್ದೇ. ಸ್ನಾನ ಮಾಡ್ತಾ ಹೊಳೆದದ್ದು ಟವೆಲ್ ಎತ್ತಿಕೊಳ್ಳೋ ಹೊತ್ತಿಗೆ ಇರಲ್ಲ.

ಸ್ನಾನ ಮಾಡುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ನಿದ್ದೆ ಇನ್ನೇನು ಹತ್ತಬೇಕು ಅನ್ನುವಾಗ ಒಳ್ಳೊಳ್ಳೆ ಯೋಚನೆಗಳು ಬರ್ತವೆ. ಅದೇ ಮೀಟಿಂಗಿನಲ್ಲಿ, ವೈಟ್‌ಬೋರ್ಡಿನ ಮುಂದೆ, ‘ಈಗ ಎಲ್ಲರೂ ಹೊಸದಾಗಿ ಯೋಚಿಸಿ’ ಅಂದ ಕೂಡಲೇ ತಲೆ ಖಾಲಿ. ಇದು ನಮ್ಮೆಲ್ಲರ ಅನುಭವ. ಆದರೆ ಇದನ್ನೇ ಹಿಡಿದುಕೊಂಡು ‘ಹಾಗಾದ್ರೆ ಸುಮ್ಮನೆ ಬಿದ್ಕೊಂಡಿದ್ರೆ ಸಾಕು’ ಅನ್ನೋರೂ ಇದ್ದಾರೆ, ‘ವಿಶ್ರಾಂತಿ ತಗೊಳ್ಳಿ, ಪ್ರೊಡಕ್ಟಿವಿಟಿ ಹೆಚ್ಚತ್ತೆ’ ಅಂತ ನಿದ್ದೆಯನ್ನೂ ಕೆಲಸದ ಖಾತೆಗೆ ಜಮಾ ಮಾಡೋರೂ ಇದ್ದಾರೆ. ನನಗೆ ಎರಡೂ ಅರ್ಧ ಸತ್ಯ ಅನಿಸತ್ತೆ. ಉಳಿದರ್ಧ ಎಲ್ಲಿದೆ ಅಂತ ಹುಡುಕೋಕೆ ಕಪಿಲೆ, ಕಾವೇರಿ ದಡದ ಈ ಎರಡು ಊರುಗಳ ಕಡೆ ಒಂದು ಸುತ್ತು ಹಾಕೋಣ ಬನ್ನಿ.

ಮೊದಲು ನರಸೀಪುರ. ಕಪಿಲೆ ಬಂದು ಕಾವೇರಿ ಸೇರೋ ಜಾಗ. ಇಲ್ಲಿ ಗುಂಜಾ ನರಸಿಂಹಸ್ವಾಮಿ ಗುಡಿ ಇದೆ. ದೇವರ ಕೈಯಲ್ಲಿ ಗುಲಗಂಜಿ. ಅದಕ್ಕೆ ನಾನು ಕೇಳಿರೋ ಸ್ಥಳಪುರಾಣ ಹೀಗಿದೆ: ಒಬ್ಬ ಅಗಸ ದಿನಾ ಹೊಳೆಯಲ್ಲಿ ಬಟ್ಟೆ ಒಗೀತಿದ್ದ. ಅವನಿಗೆ ಕಾಶಿಗೆ ಹೋಗೋ ಆಸೆ. ಒಂದು ರಾತ್ರಿ ದೇವರು ಕನಸಿನಲ್ಲಿ ಬಂದು, ನಾನು ನೀನು ಬಟ್ಟೆ ಒಗೆಯೋ ಕಲ್ಲಿನ ಕೆಳಗೇ ಇದ್ದೀನಿ, ಇಲ್ಲೇ ಗುಡಿ ಕಟ್ಟು ಅಂದ. ಕಾಶಿ? ಕಾಶಿಗಿಂತ ಈ ಜಾಗ ಒಂದು ಗುಲಗಂಜಿ ತೂಕ ಹೆಚ್ಚೇ, ಅಂದ.

ಇದನ್ನು ಭಕ್ತಿಯ ಕತೆಯಾಗಿ ಓದಬಹುದು. ನಾನು ಇದನ್ನು ಕನಸಿನ ಕತೆಯಾಗಿಯೂ ಓದ್ತೀನಿ. ಕನಸು ಅವನಿಗೆ ಗೊತ್ತಿಲ್ಲದ ದೂರದ ಜಾಗ ತೋರಿಸಲಿಲ್ಲ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಬಟ್ಟೆ ಒಗೆದ ಕಲ್ಲನ್ನೇ ತೋರಿಸ್ತು. ಸಿಕ್ಕಿದ್ದು ನಿದ್ದೆಯಲ್ಲಿ, ಇದ್ದದ್ದು ದುಡಿಮೆಯ ಅಡಿಯಲ್ಲಿ.

ಇದನ್ನೇ ಗ್ರಹಾಂ ವಾಲಸ್ ಅನ್ನೋ ಇಂಗ್ಲೆಂಡಿನ ಚಿಂತಕ 1926ರಲ್ಲಿ ಬೇರೆ ಭಾಷೆಯಲ್ಲಿ ಹೇಳಿದ. ಹೊಸ ಯೋಚನೆಗೆ ನಾಲ್ಕು ಹಂತ: ಮೊದಲು ತಯಾರಿ, ಆಮೇಲೆ ಕಾವು ಕೂರೋದು, ಆಮೇಲೆ ಹೊಳೆಯೋದು, ಕೊನೆಗೆ ಹೊಳೆದದ್ದು ಸರಿಯೇ ಅಂತ ಒರೆಗೆ ಹಚ್ಚೋದು. ಕೋಳಿ ಕಾವು ಕೂರೋದನ್ನ ನೋಡಿದವರಿಗೆ ಇದು ಹೊಸದೇನಲ್ಲ. ಕೂರೋದು ಮುಖ್ಯ ನಿಜ, ಆದರೆ ಕೆಳಗೆ ಮೊಟ್ಟೆ ಇರಬೇಕು. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ ತನ್ನ ಒಂದು ದೊಡ್ಡ ಯೋಚನೆ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಹೊಳೀತು ಅಂತ ಬರೆದಿದ್ದಾನೆ. ಆ ಮೆಟ್ಟಿಲು ಎಲ್ಲರಿಗೂ ನೆನಪಿರತ್ತೆ. ಅದಕ್ಕೂ ಮುಂಚೆ ದಿನಗಟ್ಟಲೆ ಮೇಜಿನ ಮುಂದೆ ಕೂತು ಏನೂ ಆಗದೆ ಒದ್ದಾಡಿದ್ದನ್ನೂ ಅವನೇ ಬರೆದಿದ್ದಾನೆ, ಅದು ಯಾರಿಗೂ ನೆನಪಿರಲ್ಲ.

ನಮ್ಮದೇ ಉದಾಹರಣೆ ಬೇಕಾ? ನರಸೀಪುರದ ಪಕ್ಕದಲ್ಲೇ ತಿರುಮಕೂಡಲು. 1895ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಮುಂದೆ ಪಿಟೀಲು ಟಿ. ಚೌಡಯ್ಯ ಆದರು. ಬೆಂಗಳೂರಿನ ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದ ಸಭಾಂಗಣ ಇದೆಯಲ್ಲ, ಅದು ಅವರ ನೆನಪಿನದ್ದು. ತಮ್ಮ ರಚನೆಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’, ಹುಟ್ಟೂರಿನ ಹೆಸರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಅವರು ವರ್ಷಗಟ್ಟಲೆ ಕಲಿತರು. ಅದು ಮೈಕ್ ಇಲ್ಲದ ಕಾಲ. ಚಪ್ಪರದ ಕೆಳಗೆ ನೂರಾರು ಜನ, ಗಾಯಕರದ್ದು ದೊಡ್ಡ ಕಂಠ, ಪಕ್ಕದಲ್ಲಿ ಪಿಟೀಲಿನ ಸಣ್ಣ ದನಿ. ಹಿಂದಿನ ಸಾಲಿನವರಿಗೆ ಕೇಳಿಸ್ತಾನೇ ಇರಲಿಲ್ಲ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾಲ್ಕು ತಂತಿಯ ಕಷ್ಟವನ್ನ ವರ್ಷಗಟ್ಟಲೆ ಹೆಗಲ ಮೇಲೆ ಹೊತ್ತವರಿಗಷ್ಟೇ ಏಳು ತಂತಿ ಹೊಳೆಯೋಕೆ ಸಾಧ್ಯ. ಅಂಥ ಕಷ್ಟವೇ ಇಲ್ಲದವನು ಎಷ್ಟು ಹೊತ್ತು ಮಲಗಿದ್ರೂ ಏಳೋದು ಬರೀ ಮೈ ಹಗುರ ಮಾಡಿಕೊಂಡು. ಅದೂ ಒಳ್ಳೇದೇ ಬಿಡಿ.

ಇಲ್ಲಿಗೆ ಮೊದಲ ಮಾತು ಮುಗೀತು: ಬಿಡುವು ಫಲ ಕೊಡೋದು ಹೊತ್ತುಕೊಂಡು ಬಂದವರಿಗೆ. ಎರಡನೇ ಮಾತು, ಹಿಡಿದಿಡೋದು.

2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಒಂದು ಸೊಗಸಾದ ಪ್ರಯೋಗ ಮಾಡಿದರು. ಜನಕ್ಕೆ ಒಂದಷ್ಟು ಲೆಕ್ಕ ಕೊಟ್ಟರು. ಆ ಲೆಕ್ಕಗಳಲ್ಲಿ ಒಂದು ಗುಟ್ಟಿನ ಸೂತ್ರ ಅಡಗಿತ್ತು, ಅದು ಗೊತ್ತಾದರೆ ಎಲ್ಲ ಸುಲಭ. ಗುಟ್ಟು ಸಿಗದವರಿಗೆ ಕತ್ತಲ ಕೋಣೆಯಲ್ಲಿ, ಒರಗು ಕುರ್ಚಿಯಲ್ಲಿ 20 ನಿಮಿಷ ವಿಶ್ರಾಂತಿ. ಕೈಯಲ್ಲಿ ಒಂದು ವಸ್ತು. ನಿದ್ದೆ ಹತ್ತಿದ್ರೆ ಅದು ಬಿದ್ದು ಎಚ್ಚರ ಆಗಬೇಕು. ಆಮೇಲೆ ಮತ್ತೆ ಲೆಕ್ಕ. ಪೂರ್ತಿ ಎಚ್ಚರ ಇದ್ದವರಲ್ಲಿ ಶೇ. 30 ಜನಕ್ಕೆ ಗುಟ್ಟು ಸಿಕ್ಕಿತು. ತೂಕಡಿಕೆಯ ಮೊದಲ ಹಂತದಲ್ಲಿ ಬರೀ 15 ಸೆಕೆಂಡಾದರೂ ಇದ್ದವರಲ್ಲಿ ಶೇ. 83. ಇನ್ನೂ ಆಳದ ನಿದ್ದೆಗೆ ಜಾರಿದವರಲ್ಲಿ ಶೇ. 14. ಅಂದ್ರೆ ಎಚ್ಚರ ಮತ್ತು ನಿದ್ದೆಯ ನಡುವೆ ಒಂದು ಸಣ್ಣ ಕಿಂಡಿ ಇದೆ. ಸ್ವಲ್ಪ ಈಚೆ ಇದ್ರೆ ಕಾಣಲ್ಲ, ಸ್ವಲ್ಪ ಆಚೆ ಹೋದ್ರೆ ತರೋಕಾಗಲ್ಲ.

ಅಷ್ಟು ಸಣ್ಣ ಕಿಂಡಿಯಿಂದ ಬಂದದ್ದನ್ನ ಹಿಡಿಯೋಕೆ ಪಾತ್ರೆ ಮೊದಲೇ ಹೊಳೆ ದಡದಲ್ಲಿ ಇರಬೇಕು. ಆರ್. ಕೆ. ನಾರಾಯಣ್ ತಮ್ಮ ಆತ್ಮಕತೆಯಲ್ಲಿ ಮಾಲ್ಗುಡಿ ಹುಟ್ಟಿದ್ದನ್ನ ಹೇಳಿಕೊಂಡಿದ್ದಾರೆ. ಅಜ್ಜಿ ಒಳ್ಳೇ ದಿನ ನೋಡಿಕೊಟ್ಟರು. ಆವತ್ತು ನಾರಾಯಣ್ ಒಂದು ನೋಟ್‌ಬುಕ್ ಕೊಂಡು ತಂದರು. ಏನು ಬರೆಯೋದು ಅಂತ ಪೆನ್ನು ಕಚ್ಚುತ್ತಾ ಕೂತಿದ್ದಾಗ ಪುಟ್ಟ ರೈಲ್ವೆ ಸ್ಟೇಷನ್ನಿನ ಸಮೇತ ಮಾಲ್ಗುಡಿ ಕಣ್ಣ ಮುಂದೆ ಬಂತು. ಕ್ರಮ ಗಮನಿಸಿ: ನೋಟ್‌ಬುಕ್ ಮೊದಲು, ಊರು ಆಮೇಲೆ. ನಾವು ಮಾಡೋದು ಉಲ್ಟಾ. ದೊಡ್ಡ ಐಡಿಯಾ ಬರಲಿ, ಆಮೇಲೆ ಚಂದದ ಡೈರಿ ತಗೊಂಡ್ರಾಯ್ತು ಅಂತ ಕಾಯ್ತೀವಿ.

ನರಸೀಪುರದಲ್ಲಿ ಸೇರಿದ ನೀರು ಹಾಗೇ ಕೆಳಗೆ ಹರಿದು ತಮಿಳುನಾಡು ಸೇರಿ, ಈರೋಡು ದಾಟಿ, ಕುಂಭಕೋಣದ ಕಡೆ ಹೋಗತ್ತೆ. 1887ರಲ್ಲಿ ಈರೋಡಿನಲ್ಲಿ ಹುಟ್ಟಿ, ಕುಂಭಕೋಣದಲ್ಲಿ ಬೆಳೆದ ಶ್ರೀನಿವಾಸ ರಾಮಾನುಜನ್, ಸೂತ್ರಗಳನ್ನ ನಾಮಗಿರಿ ದೇವಿ ಕನಸಿನಲ್ಲಿ ಕೊಡ್ತಾಳೆ ಅಂತಿದ್ದರಂತೆ. ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸೋದು ಅವರ ಸ್ಲೇಟು. ಕಾಗದ ದುಬಾರಿ. ಹಾಗಾಗಿ ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಮೊಣಕೈಯಲ್ಲಿ ಒರೆಸೋದು, ಮತ್ತೆ ಬರೆಯೋದು. ಕೊನೆಗೆ ಉಳಿದ ಫಲಿತಾಂಶ ಮಾತ್ರ ನೋಟ್‌ಬುಕ್ಕಿಗೆ. 1920ರಲ್ಲಿ, ಇನ್ನೂ 32ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯ ದಿನಗಳ ಬಿಡಿ ಹಾಳೆಗಳು 1976ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಜಾರ್ಜ್ ಆಂಡ್ರ್ಯೂಸ್ ಅನ್ನೋ ಗಣಿತಜ್ಞರ ಕೈಗೆ ಸಿಕ್ಕವು. ಇವತ್ತಿಗೂ ಗಣಿತದವರು ಅದರ ಮೇಲೆ ಕೆಲಸ ಮಾಡ್ತಿದ್ದಾರೆ. ಕೊಟ್ಟದ್ದು ದೇವಿಯೇ ಇರಲಿ, ಉಳಿಸಿದ್ದು ಹಾಳೆ.

ಈಗ ಮೂರನೇ ಮಾತು. ವಿಶ್ರಾಂತಿಯ ಬಗ್ಗೆ ಬರೆಯೋರು ಸಾಮಾನ್ಯವಾಗಿ ಬಿಟ್ಟುಬಿಡೋ ಮಾತು. ಬಿಡುವು ಯಾರಿಗೆ ಸಿಗತ್ತೆ?

ನಮ್ಮಜ್ಜಿ ನರಸೀಪುರ ತಾಲ್ಲೂಕಿನ ಹಳ್ಳಿಯವರು. ಅವರು ಕೈ ಖಾಲಿ ಬಿಟ್ಟುಕೊಂಡು ಕೂತದ್ದನ್ನ ನಾನು ನೋಡಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯೋರು, ಇಲ್ಲಾ ಅಕ್ಕಿಯಲ್ಲಿ ಕಲ್ಲು ಆರಿಸೋರು. ಕೈ ತನ್ನ ಪಾಡಿಗೆ ತಾನು ಆಡ್ತಿತ್ತು, ಕಣ್ಣು ಎಲ್ಲೋ ಇರ್ತಿತ್ತು. ‘ಕತೆ ಹೇಳಜ್ಜಿ’ ಅಂತ ಪೀಡಿಸಿದ್ರೆ, ‘ಸುಮ್ಕಿರು ಮಗ, ಬತ್ತಾ ಅದೆ’ ಅನ್ನೋರು. ಕತೆ ಬರ್ತಾ ಇದೆ, ಬಸ್ಸು ಬರ್ತಾ ಇದೆ ಅನ್ನೋ ಹಾಗೆ! ಅವರ ಹಗಲುಗನಸಿಗೆ ಇದ್ದ ಜಾಗ ಅಷ್ಟೇ, ಒಂದು ಮೊರದಷ್ಟು. ಬೇರೆಯವರಿಗೆ ಅದು ಬಿಡುವಿನ ಹಾಗೆ ಕಾಣಬಾರದು ಅಂತಲೇ ಮೊರ ಮಡಿಲಲ್ಲಿ ಇರ್ತಿತ್ತೋ ಏನೋ.

ರಾಮಾನುಜನ್ ಹುಟ್ಟಿದ ಆ 1887ರಲ್ಲೇ ನಂಜನಗೂಡಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ತಿರುಮಲಾಂಬ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮುಂದಿನ ಬದುಕಿಡೀ ಹಬ್ಬಕ್ಕೆ ಕರೆಯಲ್ಲ, ಶುಭಕಾರ್ಯಕ್ಕೆ ಎದುರು ಬರಬಾರದು, ಹೊರಗೆ ಹೋಗೋ ಹಾಗಿಲ್ಲ. ಆ ಕಾಲದ ಬಾಲವಿಧವೆಯ ಪಾಲಿಗೆ ಸಮಾಜ ಕೊಟ್ಟದ್ದು ಇದು. ಇದನ್ನ ‘ಏಕಾಂತ’ ಅಂತ ಚಂದ ಮಾಡಿ ಕರೆಯೋಕೆ ನನಗೆ ಮನಸ್ಸಿಲ್ಲ. ಇದು ಬಿಡುವಲ್ಲ, ಬಹಿಷ್ಕಾರ. ಇಂಥ ಮೂಲೆಗಳಲ್ಲಿ ಎಷ್ಟೋ ಜನ ಸದ್ದಿಲ್ಲದೆ ಸವೆದು ಹೋದರು. ತಿರುಮಲಾಂಬಗೆ ಸಿಕ್ಕ ಒಂದೇ ವ್ಯತ್ಯಾಸ ಅಂದ್ರೆ ವಕೀಲರಾಗಿದ್ದ ತಂದೆ. ಅವರು ಮಗಳ ಕೈಗೆ ಪುಸ್ತಕ ಕೊಟ್ಟರು, ಬರೆಯೋಕೆ ಬಿಟ್ಟರು. ಆಕೆ ಆ ಬಲವಂತದ ಹೊತ್ತನ್ನ ಓದಿಗೆ, ಓದನ್ನ ಬರಹಕ್ಕೆ ತಿರುಗಿಸಿಕೊಂಡರು. 1913ರಲ್ಲಿ ನಂಜನಗೂಡಿನಿಂದಲೇ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರು ಮಾಡಿ ‘ಸುಶೀಲೆ’ ಕಾದಂಬರಿ ಪ್ರಕಟಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಅನ್ನೋ ಮಾಸಪತ್ರಿಕೆ ನಡೆಸಿದರು. ಕಾದಂಬರಿಕಾರ್ತಿ, ಪ್ರಕಾಶಕಿ, ಪತ್ರಿಕೆಯ ಸಂಪಾದಕಿ, ಮೂರರಲ್ಲೂ ಆಧುನಿಕ ಕನ್ನಡದ ಮೊದಲಿಗರ ಸಾಲಿನಲ್ಲಿ ಅವರ ಹೆಸರು ಬರತ್ತೆ.

ಇಲ್ಲಿ ಒಂದು ವಿಷಯ ನೋಡಿ. ತಲೆಗೆ ಬಂದದ್ದನ್ನ ಹಾಳೆಗೆ ಇಳಿಸಿದರೆ ತನ್ನ ಮಟ್ಟಿಗೆ ಉಳೀತು. ಆಕೆ ಅಲ್ಲಿಗೆ ನಿಲ್ಲಿಸಲಿಲ್ಲ. ತನ್ನ ಹಾಗೇ ಮನೆಯೊಳಗೆ ಕೂತ ಹೆಂಗಸರಿಗೆ ತಲುಪೋ ದಾರಿಯನ್ನೂ ತಾನೇ ಕಟ್ಟಿಕೊಂಡರು. ಹಾಗಿದ್ದೂ ಕನ್ನಡ ಅವರನ್ನ ದಶಕಗಟ್ಟಲೆ ಮರೀತು. ಅವರನ್ನ ಮತ್ತೆ ಹುಡುಕಿ ನಮ್ಮ ಮುಂದೆ ತಂದವರಲ್ಲಿ ಚಿ. ನ. ಮಂಗಳಾ ಮುಖ್ಯರು. ಇವತ್ತು ಲೇಖಕಿಯರಿಗೆ ಕೊಡೋ ಒಂದು ಪ್ರಶಸ್ತಿ ತಿರುಮಲಾಂಬ ಅವರ ಹೆಸರಿನಲ್ಲಿದೆ. ಹಿಡಿದಿಡೋ ಕೆಲಸ ಒಬ್ಬರ ಕೈಯಲ್ಲೇ ಮುಗಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಿಡಿದಿಡದೆ ಹೋದರೆ ಏನಾಗತ್ತೆ? ಅದಕ್ಕೂ ನಮ್ಮಲ್ಲಿ ಒಂದು ಜನಪದ ಕತೆ ಇದೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ (ಇವರು ಕವಿ, ಗಣಿತದವರಲ್ಲ) ಸಂಗ್ರಹಿಸಿದ ಕನ್ನಡದ ಕತೆ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಾಗ ಹೊರಗೆ ಹಾರಿದವು. ಕತೆ ಬಾಗಿಲ ಮುಂದೆ ಒಂದು ಜೊತೆ ಗಂಡಸಿನ ಜೋಡಾಯ್ತು, ಹಾಡು ಗೂಟಕ್ಕೆ ನೇತುಬಿದ್ದ ಕೋಟಾಯ್ತು. ಗಂಡ ಬಂದು ನೋಡಿದ. ಯಾರದು ಇದು? ಜಗಳ. ಸಿಟ್ಟಿನಲ್ಲಿ ಕಂಬಳಿ ಎತ್ತಿಕೊಂಡು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ನಿದ್ದೆ ಬರಲಿಲ್ಲ. ಆರಿಸಿದ ಮೇಲೆ ಊರಿನ ದೀಪಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಮಾತಾಡ್ತಾ ಕೂರೋದು ವಾಡಿಕೆ. ಇವನ ಮನೆ ದೀಪ ತಡವಾಗಿ ಬಂದು ನಡೆದದ್ದೆಲ್ಲ ಹೇಳಿತು. ಗಂಡನ ಅನುಮಾನ ಹೋಯ್ತು. ಬೆಳಗ್ಗೆ ಓಡಿಬಂದು ‘ಏನು ಕತೆ, ಏನು ಹಾಡು, ಹೇಳು’ ಅಂತ ಕೇಳಿದ. ಅವಳಿಗೆ ಅಷ್ಟರಲ್ಲಿ ಎರಡೂ ಮರೆತೇ ಹೋಗಿದ್ದವು.

ಈ ಕತೆ ಕೇಳಿದಾಗೆಲ್ಲ ನನಗೆ ಬೇರೆ ಪ್ರಶ್ನೆ ಹುಟ್ಟತ್ತೆ. ಅವಳು ಹೇಳಲಿಲ್ಲ, ಸರಿ. ಅಷ್ಟು ವರ್ಷ ಯಾರಾದ್ರೂ ಕೇಳಿದ್ರಾ? ಗಂಡನಿಗೆ ಕೇಳೋ ಬುದ್ಧಿ ಬಂದದ್ದು ಅವನಿಗೂ ಒಂದು ರಾತ್ರಿ ಕೆಲಸವಿಲ್ಲದೆ, ನಿದ್ದೆಯೂ ಇಲ್ಲದೆ ಬಿದ್ದಿರಬೇಕಾಗಿ ಬಂದಾಗ. ಬಿಡುವಿದ್ದವರಿಗೆ ಬರೀ ತಮ್ಮ ಐಡಿಯಾ ಅಲ್ಲ, ಪಕ್ಕದವರ ಮಾತೂ ಕೇಳಿಸತ್ತೆ.

ಆ ದೀಪಗಳ ಬಳಗ ನಂಜನಗೂಡು ತಾಲ್ಲೂಕಿನ ಒಂದು ಪುಸ್ತಕದಲ್ಲೂ ಇದೆ. ದೇವನೂರು ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ರಾತ್ರಿ ಊರು ಮಲಗಿದ ಮೇಲೆ ಜೋತಮ್ಮಗಳು ಸೇರಿ ಮಾತಾಡ್ತವೆ. ಹಗಲು ಯಾರೂ ಬಾಯಿ ಬಿಡದ ಜಾತಿಯ ಕ್ರೌರ್ಯದ ಸುದ್ದಿ ಆ ಕಾದಂಬರಿಯ ರಾತ್ರಿಗಳಲ್ಲಿ ಹೊರಗೆ ಬರತ್ತೆ, ಅದೂ ಆ ನೆಲದ ಆಡುಮಾತಿನಲ್ಲೇ. ‘ದ್ಯಾವನೂರು’ ಕಥಾಸಂಕಲನ ಬಂದದ್ದು 1973ರಲ್ಲಿ, ‘ಕುಸುಮಬಾಲೆ’ 1984ರಲ್ಲಿ. ನಡುವೆ ‘ಒಡಲಾಳ’. ಪುಟ ಲೆಕ್ಕ ಹಾಕಿದ್ರೆ ಎಲ್ಲ ಸೇರಿ ಒಂದು ಸಾಧಾರಣ ಕಾದಂಬರಿಯಷ್ಟೂ ಆಗಲಿಕ್ಕಿಲ್ಲ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಆಫೀಸಿನ ಕ್ವಾರ್ಟರ್ ಲೆಕ್ಕದಲ್ಲಿ ಹನ್ನೊಂದು ವರ್ಷ ಅಂದ್ರೆ ನಲವತ್ತನಾಲ್ಕು ರಿವ್ಯೂ ಮೀಟಿಂಗು. ಅಷ್ಟರಲ್ಲಿ ಒಂದರಲ್ಲಾದರೂ ‘ಇನ್ನೂ ಕಾವು ಕೂತಿದೆ ಸಾರ್’ ಅಂತ ಹೇಳಿ ಬಚಾವಾಗೋಕೆ ಆಗುತ್ತಾ?

2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನಾವೆಲ್ಲ ವಾರಗಟ್ಟಲೆ ಜಗಳ ಆಡಿದ್ವಿ. ಆ ಜಗಳದಲ್ಲಿ ನಾವು ಎಣಿಸಿದ್ದು ನಮ್ಮ ಗಂಟೆಗಳನ್ನ ಮಾತ್ರ. ನಮ್ಮ ಮನೆಯಲ್ಲಿ ಅಡುಗೆ ಮಾಡೋ ಅಕ್ಕನ ಗಂಟೆ, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಂದುಕೊಡೋ ಹುಡುಗನ ಗಂಟೆ, ನಂಜನಗೂಡಿನ ಫ್ಯಾಕ್ಟರಿಗಳಲ್ಲಿ ಮೂರನೇ ಶಿಫ್ಟು ಮುಗಿಸಿ ಬೆಳಗಿನ ಬಸ್ಸಿನಲ್ಲಿ ತೂಕಡಿಸೋರ ಗಂಟೆ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ. ಅವರ ತಲೆಯಲ್ಲೂ ಕತೆ ಇರತ್ತೆ, ಹಾಡಿರತ್ತೆ, ಯಂತ್ರ ಸುಧಾರಿಸೋ ಉಪಾಯ ಇರತ್ತೆ. ನಮಗೆ ಇನ್ನೊಂದು ಕಾಯಿಲೆಯೂ ಇದೆ. ಸಿಕ್ಕ ಬಿಡುವನ್ನೂ ನಾವೇ ಮುಚ್ಚಿಬಿಡ್ತೀವಿ. ಲಿಫ್ಟಿಗೆ ಕಾಯೋ ಅರ್ಧ ನಿಮಿಷ, ಸಿಗ್ನಲ್ಲಿನ ಎರಡು ನಿಮಿಷ, ಎಲ್ಲ ಕಿಂಡಿಗೂ ಫೋನ್ ತುರುಕಿ ಆಗಿದೆ.

ನಾನು ಮಾಡೋದನ್ನ ಹೇಳ್ತೀನಿ, ಬೇಕಿದ್ರೆ ತಗೊಳ್ಳಿ. ಬಿಡಿಸೋಕಾಗದ ಒಂದು ಪ್ರಶ್ನೆಯನ್ನ ಒಂದೇ ಸಾಲಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿರ್ತೀನಿ. ಅದು ಕಲ್ಲು. ಮಧ್ಯಾಹ್ನ ಊಟದ ಮೇಲೆ ಇಪ್ಪತ್ತು ನಿಮಿಷ ಫೋನ್ ಇಲ್ಲದೆ ಕೂರ್ತೀನಿ, ಆದರೆ ತಿಂಡಿಗೆ ಕಾಯಿ ಬಿಡಿಸೋದೋ, ಬಟ್ಟೆ ಮಡಿಸೋದೋ, ಕೈಗೊಂದು ಸಣ್ಣ ಕೆಲಸ ಇರತ್ತೆ. ಅದು ಅಜ್ಜಿಯ ಮೊರ. ಹೊಳೆದ ಕೂಡಲೇ ನಾಲ್ಕು ಪದ ಬರೀತೀನಿ. ಎಲ್ಲಿ ಬರೆದೆ ಅನ್ನೋದು ಮುಖ್ಯ ಅಲ್ಲ. ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕವೂ ಬರೆದದ್ದಿದೆ. ಪೂರ್ತಿ ವಾಕ್ಯ ಬರೆಯೋಕೆ ಹೋದ್ರೆ ವ್ಯಾಕರಣ ಸರಿ ಮಾಡೋ ಅಷ್ಟರಲ್ಲಿ ಯೋಚನೆ ಕೈ ಜಾರತ್ತೆ. ಯಾವ ಮಾತಿನಲ್ಲಿ ಹೊಳೀತೋ ಅದೇ ಮಾತಿನಲ್ಲಿ ಬರೀತೀನಿ. ಭಾನುವಾರ ಎಲ್ಲ ಚೀಟಿ ತೆಗೆದು ನೋಡ್ತೀನಿ. ಹತ್ತರಲ್ಲಿ ಎಂಟು ಜೊಳ್ಳು. ಪರವಾಗಿಲ್ಲ, ಮೊರ ಇರೋದೇ ಕೇರೋಕೆ.

ಕೊನೆಯದು, ವಾರಕ್ಕೊಂದು ಸಲ ಮನೆಯಲ್ಲಿ ಇನ್ನೊಬ್ಬರ ಕೆಲಸ ನಾನು ವಹಿಸಿಕೊಂಡು ಅವರನ್ನ ಸುಮ್ಮನೆ ಕೂರಿಸ್ತೀನಿ. ಮೊದಮೊದಲು ನಮ್ಮಮ್ಮನಿಗೆ ಕಸಿವಿಸಿ. ಐದೈದು ನಿಮಿಷಕ್ಕೂ ಎದ್ದು ಒಲೆ ಕಡೆ ಬರೋರು. ಈಗ ಕೂರ್ತಾರೆ. ಹೋದ ತಿಂಗಳು ಹಾಗೇ ಕೂತಿದ್ದವರು, ತಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ನಾಟಕ ಬರೆದಿದ್ದೆ ಅಂದರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕತೆ ಇನ್ನೂ ಅರ್ಧ ನೆನಪಿದೆಯಂತೆ. ನಾನು ಒಗ್ಗರಣೆ ಸೌಟು ಕೆಳಗಿಟ್ಟು, ಹಾಲಿನ ಲೆಕ್ಕದ ಪೆನ್ನು ತಗೊಂಡೆ.